35 ಮಿ.ಮೀ. ತಗ್ಗಿಸಿದ ಸ್ವಿಫ್ಟು, ಹಿಂದಿನ ಸೀಟಲ್ಲಿ ಅಮ್ಮನ ನಿದ್ದೆ

ಗಾಡಿ ತಗ್ಗಿಸಿದ ಮೇಲೆ ಕಂಫರ್ಟ್ ಕೇಳಬಾರದು ಅನ್ನೋದು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ವೇದವಾಕ್ಯ. ಅದರಲ್ಲೂ ಮೆತ್ತನೆ ಸ್ಪ್ರಿಂಗ್ ಹಾಕಿ ತಗ್ಗಿಸ್ತೀನಿ ಅಂದರೆ ನಗುತ್ತಾರೆ. ಪ್ರೀಲೋಡ್ ಕೂಡ ಕೊಡ್ತೀನಿ (ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿ ಕೂರಿಸೋದು) ಅಂದಾಗ ನನ್ನ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು, "ಸಾರ್, ನೀವೇ ಮಾಡ್ಕೊಳ್ಳಿ" ಅಂದುಬಿಟ್ಟರು. ಮಾಡಿಕೊಂಡೆ. ಈಗ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಹಾಸನ ದಾಟುವ ಮೊದಲೇ ಅಮ್ಮ ಹಿಂದೆ ನಿದ್ದೆ ಹೋಗಿರುತ್ತಾರೆ. ಇದೇ ಗಾಡಿಯಲ್ಲಿ ಹಿಂದಿನ ವರ್ಷ ಅವರು ಸಕಲೇಶಪುರದಲ್ಲಿ ಇಳಿದು, "ಬಸ್ಸಲ್ಲಿ ಬರ್ತೇನೆ" ಅಂದಿದ್ದರು.

ಗಾಡಿ 2014ರ ಸ್ವಿಫ್ಟ್, ಪೆಟ್ರೋಲ್. ಕಂಪನಿ ಲೆಕ್ಕದಲ್ಲಿ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಮುಂದೆ ಮ್ಯಾಕ್‌ಫರ್ಸನ್ ಸಸ್ಪೆನ್ಷನ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರ ಸೇರಿಸುವ ಒಂದು ತೊಲೆ). ಅಂದರೆ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಶಾಕ್ ಅಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಎಣ್ಣೆ ಕೊಳವೆ.

ಮೊದಲು ಎಲ್ಲರ ಹಾಗೆ ಬರೀ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ. ಫಿಟ್ಟಿಂಗ್ ಸೇರಿ ಸುಮಾರು 20 ಸಾವಿರ. ನೋಡೋಕೆ ಚೆನ್ನಾಗಿತ್ತು, ಅಷ್ಟೇ. ಕಂಪನಿ ಶಾಕ್ ಹಾಗೇ ಇಟ್ಟು ಗಾಡಿ 40 ಮಿ.ಮೀ. ಇಳಿಸಿದರೆ ಶಾಕಿನ ರಾಡ್ ಒಳಗೆ ಹೋಗಲು ಜಾಗ ಎಲ್ಲಿ ಉಳಿಯಿತು? ಬಂಪ್ ಸ್ಟಾಪ್ (ಶಾಕಿನ ಓಟದ ಕೊನೆಯಲ್ಲಿ ತಡೆಯುವ ರಬ್ಬರ್) ಹೆಚ್ಚುಕಮ್ಮಿ ಯಾವಾಗಲೂ ತಾಗಿಕೊಂಡೇ ಇರುತ್ತದೆ. ಸ್ಪ್ರಿಂಗ್ ಗಟ್ಟಿ ಅಂತ ಜನ ಬೈಯುತ್ತಾರೆ. ಅವರು ಕೂತಿರೋದು ಸ್ಪ್ರಿಂಗ್ ಮೇಲಲ್ಲ, ರಬ್ಬರ್ ಮೇಲೆ. ಆ ಸೆಟ್ಟನ್ನು 7 ಸಾವಿರಕ್ಕೆ ಮಾರಿದೆ. ಸ್ಪ್ರಿಂಗ್ ಕಟ್ ಮಾಡಿಸುವ ವಿಷಯ ಎತ್ತಲೇಬೇಡಿ. ಹಿಂದೆ ಒಂದು ಹಳೇ ಝೆನ್‌ಗೆ 500 ರೂಪಾಯಿಯಲ್ಲಿ ಅದನ್ನೂ ಮಾಡಿಸಿ ನೋಡಿದವನೇ. ಸುರುಳಿ ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ.

ಆಮೇಲೆ ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್, ಅಂದರೆ ಕಾಯಿಲ್‌ಓವರ್. ತೈವಾನಿನ ಮಾನೋಟ್ಯೂಬ್ (ಒಂದೇ ಕೊಳವೆಯ ಶಾಕ್) ಸೆಟ್, ಬಿಗಿತ ಬದಲಿಸುವ ನಾಬ್ 30 ಕ್ಲಿಕ್ಕಿನದು, ಸ್ವಿಫ್ಟ್ ಸ್ಪೋರ್ಟ್‌ಗೆ ಅಂತ ಬರುವಂಥದ್ದು. ಬೆಲೆ, ಸಾಗಣೆ, ಕಸ್ಟಮ್ಸ್, ಐಜಿಎಸ್‌ಟಿ ಎಲ್ಲ ಸೇರಿ 95 ಸಾವಿರದ ಆಚೀಚೆ. ಟ್ಯಾಕ್ಸೇ ಮಾಲಿನ ಬೆಲೆಯ ಹತ್ತಿರ ಹತ್ತಿರ ಅರ್ಧದಷ್ಟಾಯಿತು. ಮನೆಯಲ್ಲಿ ಹೇಳಿದ ರೇಟು ಬೇರೆ, ಅದು ಇಲ್ಲಿ ಬೇಡ. ತರಿಸುವುದಾದರೆ ಎತ್ತರವನ್ನು ಕೆಳಗಿನ ಬ್ರಾಕೆಟ್ ತಿರುಗಿಸಿ ಬದಲಿಸುವ ಸೆಟ್ ಮಾತ್ರ ತರಿಸಿ. ಸ್ಪ್ರಿಂಗ್ ತಟ್ಟೆ ಒಂದನ್ನೇ ಮೇಲೆ ಕೆಳಗೆ ಮಾಡುವ ಅಗ್ಗದ ಸೆಟ್‌ನಲ್ಲಿ ನಾನು ಮುಂದೆ ಹೇಳುವ ಕೆಲಸ ಆಗಲ್ಲ.

ಹಾಕಿದ ದಿನವೇ ಬೇಜಾರಾಯಿತು. ಸ್ಪ್ರಿಂಗ್ ಮೇಲೆ ಸಣ್ಣದಾಗಿ 62-180-7 ಅಂತ ಪ್ರಿಂಟ್ ಇತ್ತು: ಒಳ ಅಳತೆ 62, ಉದ್ದ 180, ಗಟ್ಟಿತನ ಮಿ.ಮೀ.ಗೆ 7 ಕೆ.ಜಿ. ನನ್ನ ಗಾಡಿಯ ಮುಂದಿನ ಒಂದೊಂದು ಸ್ಪ್ರಿಂಗ್ ಹೊರುವುದು ಅಂದಾಜು 290 ಕೆ.ಜಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಎರಡೂವರೆ ಸಲ ಕುಣಿಯುವ ಗಾಡಿ. ಕಂಪನಿ ಸ್ಪ್ರಿಂಗ್‌ನಲ್ಲಿ ಅದು 1.3ರ ಸುತ್ತಮುತ್ತ. ಎರಡೂವರೆ ಅಂದರೆ ಟ್ರ್ಯಾಕ್ ಗಾಡಿ. ನಾನು ಓಡಿಸೋದು ಪೀಣ್ಯದಿಂದ ಯಶವಂತಪುರಕ್ಕೆ.

ಕ್ಲಿಕ್ ತಿರುಗಿಸಿದರೆ ಸರಿ ಹೋಗುತ್ತೆ ಅಂತ ಸುಮಾರು ಜನ ಹೇಳಿದರು. ಸಾಧ್ಯವಿದ್ದ ಕಾಂಬಿನೇಷನ್ ಎಲ್ಲ ಆಯಿತು. ಪೂರ್ತಿ ಮೆತ್ತಗೆ ಮಾಡಿದರೆ ಕುಣಿತ ನಿಲ್ಲಲ್ಲ. ಗಟ್ಟಿ ಮಾಡಿದರೆ ಸೊಂಟಕ್ಕೆ ಹೊಡೆತ. ಒಂದೇ ನಾಬ್ ಇರುವ ಶಾಕ್‌ನಲ್ಲಿ ಮುಖ್ಯವಾಗಿ ಬದಲಾಗುವುದು ರೀಬೌಂಡ್, ಅಂದರೆ ಕುಗ್ಗಿದ ಶಾಕ್ ವಾಪಸ್ ಬಿಚ್ಚಿಕೊಳ್ಳುವ ವೇಗ. ಅದನ್ನು ಜಾಸ್ತಿ ಬಿಗಿ ಮಾಡಿದರೆ ಸಾಲು ಹಂಪ್‌ಗಳ ಮೇಲೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಿನ ಹಂಪ್ ಬಂದಿರುತ್ತದೆ. ಗಾಡಿ ಹಂತ ಹಂತವಾಗಿ ಕೆಳಗಿಳಿದು ಬಂಪ್ ಸ್ಟಾಪ್‌ಗೇ ಬಂದು ಕೂರುತ್ತದೆ. ಟೋಲ್ ಹತ್ತಿರ ಬಿಳಿ ಪಟ್ಟೆ ಸಾಲಾಗಿ ಬಳಿದಿರುತ್ತಾರಲ್ವಾ, ಅಲ್ಲಿ ಹೋಗಿ ನೋಡಿ, ಗೊತ್ತಾಗುತ್ತದೆ. ಸ್ಪ್ರಿಂಗಿನ ದೋಷವನ್ನು ನಾಬ್ ತೆಗೆಯಲ್ಲ.

ಇಲ್ಲಿ ಶಿರಾಡಿ ಘಾಟಿಯ ಒಂದು ತಮಾಷೆ ಹೇಳಲೇಬೇಕು. ಅಲ್ಲಿ ಕಾಂಕ್ರೀಟ್ ರಸ್ತೆ. ಕಾಂಕ್ರೀಟ್ ರಸ್ತೆಗಳಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಜಾಯಿಂಟ್ ಕೊಡುತ್ತಾರೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 11 ಮೀಟರ್ ಓಡುತ್ತೇವೆ, ಅಂದರೆ ಸೆಕೆಂಡಿಗೆ ಎರಡೂವರೆ ಜಾಯಿಂಟ್. ನನ್ನ ಗಾಡಿ ಕುಣಿಯುತ್ತಿದ್ದದ್ದೂ ಎರಡೂವರೆ! ಲಾರಿ ಹಿಂದೆ 40ರಲ್ಲಿ ಸಿಕ್ಕಿಕೊಂಡಾಗ ಗಾಡಿ ತಾನಾಗಿಯೇ ತಲೆ ಆಡಿಸಲು ಶುರು ಮಾಡುತ್ತಿತ್ತು. ಸ್ಪೀಡ್ 55ಕ್ಕೆ ಹೋದರೆ ಮಾಯ. ಮೊದಲು ಟೈರ್ ಬ್ಯಾಲೆನ್ಸಿಂಗ್ ಸಮಸ್ಯೆ ಅಂತ ಎರಡು ಕಡೆ ದುಡ್ಡು ಕೊಟ್ಟಿದ್ದೆ. ಸ್ಪೀಡೋಮೀಟರ್ ನೋಡಿಕೊಂಡು ಓಡಿಸಿದಾಗಲೇ ಗುಟ್ಟು ಗೊತ್ತಾದದ್ದು. ಅಮ್ಮ ಬಸ್ಸಿನ ಮಾತೆತ್ತಿದ್ದೂ ಆ ಸಲವೇ.

ಗಟ್ಟಿ ಸ್ಪ್ರಿಂಗ್ ತೆಗೆಯಲೇಬೇಕು ಅಂತ ತೀರ್ಮಾನಿಸಿದೆ. ಹುಡುಕಿದ್ದು 62-230-4. ಜೋಡಿಗೆ 11 ಸಾವಿರ ಬಿತ್ತು. 4 ಕೆ.ಜಿ. ಅಂದಕೂಡಲೇ ಎಲ್ಲರದೂ ಒಂದೇ ರಾಗ, "ತಗ್ಗಿದ ಗಾಡಿಗೆ ಮೆತ್ತನೆ ಸ್ಪ್ರಿಂಗಾ? ಪ್ರತಿ ಗುಂಡಿಗೂ ತಳ ಬಡಿಯುತ್ತೆ." ಮೊದಲ ಸಲ ಹಾಕಿದಾಗ ಅವರು ಹೇಳಿದ ಹಾಗೇ ಆಯಿತು. ದಡ್! ಗುಂಡಿ ದೊಡ್ಡದೇನೂ ಅಲ್ಲ, ಬಿ.ಡಬ್ಲ್ಯು.ಎಸ್.ಎಸ್.ಬಿ.ಯವರು (ಬೆಂಗಳೂರು ಜಲಮಂಡಳಿ) ಅಗೆದು ಮುಚ್ಚಿದ ಮಾಮೂಲಿ ಪಟ್ಟಿ.

ಕಾರಣ ಹುಡುಕಲು ಮಾಡಿದ ಕೆಲಸ ಇಷ್ಟೇ. ಒಂದು ತೆಳು ಕೇಬಲ್ ಟೈ ತಂದು ಶಾಕ್ ರಾಡ್‌ಗೆ ಬಿಗಿಯಾಗಿ ಕಟ್ಟಿ ಸೀಲ್ ತನಕ ಕೆಳಗೆ ತಳ್ಳಿದೆ. ಮನೆ ಸುತ್ತ ಒಂದು ರೌಂಡ್ ಹೋಗಿ ಬಂದು ಟೈ ಎಲ್ಲಿ ನಿಂತಿದೆ ನೋಡಿದೆ. ಶಾಕ್ ಎಷ್ಟು ಒಳಗೆ ಹೋಗಿತ್ತು ಅಂತ ಅದು ತೋರಿಸುತ್ತದೆ. ಟೈ ಹೋಗಿ ಬಂಪ್ ಸ್ಟಾಪ್‌ಗೆ ಅಂಟಿಕೊಂಡಿತ್ತು, ತುದಿ ಚಪ್ಪಟೆಯಾಗಿತ್ತು. ಮೂರು ರೂಪಾಯಿಯ ಮಾಲು. 95 ಸಾವಿರದ ಸೆಟ್‌ಗಿಂತ ಜಾಸ್ತಿ ಕಲಿಸಿತು.

ಈಗ ಲೆಕ್ಕ ನೋಡಿ. ಶಾಕ್‌ನ ಒಟ್ಟು ಓಟ ಸುಮಾರು 120 ಮಿ.ಮೀ. 290 ಕೆ.ಜಿ. ಭಾರಕ್ಕೆ 4ರ ಸ್ಪ್ರಿಂಗ್ 72 ಮಿ.ಮೀ. ಕುಗ್ಗುತ್ತದೆ. ಪ್ರೀಲೋಡ್ ಸೊನ್ನೆ ಇಟ್ಟರೆ ನಿಂತಲ್ಲೇ 72 ಖರ್ಚು, ಮೇಲಕ್ಕೆ ಉಳಿದದ್ದು 48. ಅದರಲ್ಲೂ ಬಂಪ್ ಸ್ಟಾಪ್ ಪಾಲು ಬೇರೆ. 7ರ ಸ್ಪ್ರಿಂಗ್‌ನಲ್ಲಿ ಖರ್ಚು ಬರೀ 41, ಅದಕ್ಕೇ ಅಲ್ಲಿ ಈ ತೊಂದರೆ ಇರಲಿಲ್ಲ. ಹಾಗಾದರೆ ಮಾಡಬೇಕಾದ್ದು ಏನು? ಸ್ಪ್ರಿಂಗನ್ನು 22 ಮಿ.ಮೀ. ಮೊದಲೇ ಒತ್ತಿ ಕೂರಿಸುವುದು. ಆಗ ನಿಂತಾಗ ಖರ್ಚಾಗುವ ಓಟ 50ಕ್ಕೆ ಇಳಿಯುತ್ತದೆ, ಮೇಲಕ್ಕೆ 70 ಸಿಗುತ್ತದೆ. ಇದರಿಂದ ಗಾಡಿ 22 ಮಿ.ಮೀ. ಎದ್ದು ನಿಲ್ಲುತ್ತದೆ. ಅದನ್ನು ಕೆಳಗಿನ ಬ್ರಾಕೆಟ್ ತಿರುಗಿಸಿ ವಾಪಸ್ ಇಳಿಸಿಕೊಂಡರಾಯಿತು.

ಪ್ರೀಲೋಡ್ ಕೊಟ್ಟರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಂತ ಮೆಕ್ಯಾನಿಕ್ ವಾದ. ಆಗಲ್ಲ. 22 ಮಿ.ಮೀ.ಗೆ 88 ಕೆ.ಜಿ. ಒತ್ತಡ. ಗಾಡಿ ಕೂರುತ್ತಿದ್ದ ಹಾಗೆ 290 ಬೀಳುತ್ತದೆ, 88 ಅದರೊಳಗೆ ಕರಗಿಹೋಗುತ್ತದೆ. ಅಲ್ಲಿಂದ ಮುಂದೆ ಮಿ.ಮೀ.ಗೆ ಅದೇ 4 ಕೆ.ಜಿ. ಇಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಗಾಡಿ ಕೊಟ್ಟು ಒಂದು ರೌಂಡ್ ಹೋಗಿ ಬನ್ನಿ ಅಂದೆ. ವಾಪಸ್ ಬಂದು ಏನೂ ಮಾತಾಡದೆ ಬಗ್ಗಿ ಮುಂದಿನ ಸ್ಪ್ರಿಂಗನ್ನು ಟಾರ್ಚ್ ಹಾಕಿ ನೋಡಿದರು. ಸಾಕಲ್ವಾ.

230 ಉದ್ದ ಯಾಕೆ ಅಂದರೆ, ಶಾಕ್ ಪೂರ್ತಿ ಒಳಗೆ ಹೋದಾಗಲೂ ಸುರುಳಿ ಸುರುಳಿಗೆ ತಾಗಬಾರದು. 200ರಲ್ಲಿ ತಾಗುತ್ತಿತ್ತು. ಬಂಪ್ ಸ್ಟಾಪ್ ಕಂಪನಿ ಕೊಟ್ಟದ್ದಲ್ಲ, ಬೇರೆ ಗಾಡಿಯದು. ಯಾವ ಗಾಡಿ, ಎಲ್ಲಿ ಎಷ್ಟು ಕತ್ತರಿಸಿದ್ದು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಬೆಂಗಳೂರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ ಅಂತ ಮಾತ್ರ ಹೇಳಬಲ್ಲೆ.

7ಕ್ಕೆ ಹೊಂದಿಸಿದ ಶಾಕ್ 4ರ ಸ್ಪ್ರಿಂಗ್‌ಗೆ ಜಾಸ್ತಿ ಬಿಗಿ. ನಾಬ್ ಪೂರ್ತಿ ಮೆತ್ತಗೆ ಇಟ್ಟರೂ ಗಾಡಿ ಜೇನಿನಲ್ಲಿ ಸಿಕ್ಕ ನೊಣದ ಹಾಗೆ ನಿಧಾನಕ್ಕೆ ಏಳುತ್ತಿತ್ತು. ಬೈಕ್ ಶಾಕ್ ಬಿಚ್ಚಿ ರೇಸಿಗೆ ರೆಡಿ ಮಾಡಿಕೊಡುವ ಒಬ್ಬರಿದ್ದಾರೆ, ಅವರಿಂದ ಒಳಗಿನ ಶಿಮ್ (ಎಣ್ಣೆಯ ಹರಿವು ತಡೆಯುವ ತೆಳು ಬಿಲ್ಲೆ) ಬದಲಿಸಿ ನೈಟ್ರೋಜನ್ ಮತ್ತೆ ತುಂಬಿಸಿದೆ. 9 ಸಾವಿರ. ಶಿಮ್ ಲೆಕ್ಕ ಅವರ ಗುಟ್ಟು, ನನಗೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಈಗ ಊರೊಳಗೆ ಮೆತ್ತಗಿನ ಕಡೆಯಿಂದ 8 ಕ್ಲಿಕ್, ಹೈವೇಗೆ 12.

ಕಾಯಿಲ್‌ಓವರ್ ಜೊತೆ ಬಂದ ಅಲ್ಯೂಮಿನಿಯಂ ಟಾಪ್ ಮೌಂಟ್ (ಶಾಕಿನ ಮೇಲ್ತುದಿಯನ್ನು ಗಾಡಿಗೆ ಹಿಡಿಸುವ ಭಾಗ) ಬಗ್ಗೆ ಯಾರೂ ಎಚ್ಚರಿಸಲ್ಲ. ಗುಂಡು ಬೇರಿಂಗ್, ರಬ್ಬರ್ ಇಲ್ಲ. ನಮ್ಮ ಧೂಳು, ಮಳೆಗೆ ಆರು ತಿಂಗಳಲ್ಲಿ ಟಕ್ ಟಕ್ ಶುರು. ರಸ್ತೆಯ ಪ್ರತಿ ಕಲ್ಲೂ ಡ್ಯಾಶ್‌ಬೋರ್ಡ್ ಒಳಗೆ ಕೇಳುತ್ತದೆ. ಅದನ್ನು ಕಿತ್ತು ಮಾರುತಿಯ ಮಾಮೂಲಿ ರಬ್ಬರ್ ಮೌಂಟ್, ಹೊಸ ಬೇರಿಂಗ್ ಹಾಕಿದೆ. ನಡುವೆ ಕೂರುವ ಅಡಾಪ್ಟರನ್ನು ಪೀಣ್ಯದ ಲೇತಿನಲ್ಲಿ ಇಎನ್‌8 ಸ್ಟೀಲ್‌ನಲ್ಲಿ ಮಾಡಿಸಿದೆ. ಎಲ್ಲ ಸೇರಿ 5 ಸಾವಿರದೊಳಗೆ. ಕ್ಯಾಂಬರ್ (ಚಕ್ರದ ಓರೆ) ಬದಲಿಸುವ ಪ್ಲೇಟ್ ಹೋಯಿತು, ನೆಮ್ಮದಿ ಬಂತು. ಅರ್ಧದಷ್ಟು ಸದ್ದು, ಕುಲುಕು ಇದರಿಂದಲೇ ಹೋದದ್ದು ಅಂತ ನನ್ನ ಅಂದಾಜು. ಅಡಾಪ್ಟರ್ ಅಳತೆ ಬೇಕಾದವರು ತಮ್ಮದೇ ರಾಡ್ ಅಳೆದುಕೊಳ್ಳಿ, ಸೆಟ್‌ನಿಂದ ಸೆಟ್‌ಗೆ ಬೇರೆ ಇರುತ್ತದೆ.

ನಡುವೆ 17 ಇಂಚಿನ ಚಕ್ರದ ಹುಚ್ಚೂ ಹಿಡಿದಿತ್ತು. ಟೈರ್ 205/45, ಅಂದರೆ ಅಗಲ 205 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ರಬ್ಬರ್ ಗೋಡೆ) ಎತ್ತರ ಅದರ ನೂರಕ್ಕೆ 45. ಸೈಡ್‌ವಾಲ್ 92 ಮಿ.ಮೀ. ಕಂಪನಿಯ 15 ಇಂಚಿನ 185/65ರಲ್ಲಿ 120. ಆ 28 ಮಿ.ಮೀ. ರಬ್ಬರ್ ಮಾಡುವ ಕೆಲಸವನ್ನು ಯಾವ ಶಾಕೂ ಮಾಡಲ್ಲ. ಫೋಟೋ ತೆಗೆದುಕೊಂಡು ಚಕ್ರ ಮಾರಿದೆ. ಒಂದು ಚಕ್ರದ ಅಂಚು ಆಗಲೇ ಬೆಂಡಾಗಿತ್ತು, ರೇಟು ಬಿತ್ತು.

ಎಷ್ಟು ತಗ್ಗಿಸಬೇಕು ಅನ್ನೋದಕ್ಕೆ ನನ್ನ ಗುರುತು ಮುಂದಿನ ಲೋವರ್ ಆರ್ಮ್, ಅಂದರೆ ಚಾಸಿಯಿಂದ ಚಕ್ರಕ್ಕೆ ಹೋಗುವ ಕೆಳಗಿನ ತೋಳು. ಗಾಡಿ ನೆಲದ ಮೇಲೆ ನಿಂತಾಗ ಅದರ ಚಕ್ರದ ಕಡೆಯ ಬಾಲ್ ಜಾಯಿಂಟ್ ತುದಿ, ಚಾಸಿ ಕಡೆಯ ತುದಿಗಿಂತ ಮೇಲೆ ಹೋಗಬಾರದು. ಹೋಯಿತೋ, ರೋಲ್ ಸೆಂಟರ್ (ಗಾಡಿ ವಾಲುವ ಕೇಂದ್ರ) ಕೆಳಗಿಳಿದು ತಿರುವಿನಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ವಾಲುತ್ತದೆ. ತಗ್ಗಿಸಿದ್ದೇ ದಂಡ. ನನ್ನದಕ್ಕೆ 35 ಮಿ.ಮೀ. ಗಡಿ. ಹಿಂದೆ 25 ಸಾಕು ಅಂತ ಬಿಟ್ಟೆ, ಮೂರು ಜನ ಕೂತಾಗ ಸಮ ಆಗುತ್ತದೆ. ಹಿಂದಿನ ಸ್ಪ್ರಿಂಗನ್ನೂ 5ರಿಂದ 3ಕ್ಕೆ ಇಳಿಸಿದೆ. ಖಾಲಿ ಗಾಡಿಯ ಹಿಂಭಾಗ ಒದೆಯುವುದು ನಿಂತಿತು. ತಗ್ಗಿಸಿದ ಮೇಲೆ ವಾರ ಬಿಟ್ಟು ಅಲೈನ್‌ಮೆಂಟ್ ಮಾಡಿಸಿ. ಟೈರಿನ ಒಳ ಅಂಚು ತಿನ್ನುವುದು ಕ್ಯಾಂಬರ್‌ಗಿಂತ ಟೋ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದು) ತಪ್ಪಿದಾಗ.

ಹಂಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಸ್ವಿಫ್ಟಿನ ವೀಲ್‌ಬೇಸ್ 2.43 ಮೀಟರ್. ಅಂದರೆ ಗಾಡಿ ನಟ್ಟನಡುವೆ ಇದ್ದಾಗಲೂ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ಹೊಟ್ಟೆ ಕೆಳಗೆ ಹಂಪ್ ಎದ್ದಿರುವುದು 43 ಮಿ.ಮೀ. ಅಷ್ಟೇ. ನನಗೆ 135 ಇದೆ! ತೊಂದರೆ ಕೊಡುವುದು ಊರವರು ರಾತ್ರೋರಾತ್ರಿ ಸಿಮೆಂಟ್ ಸುರಿದು ಮಾಡಿದ ಒಂದಡಿ ಅಗಲದ ದಿಣ್ಣೆ. ಅದಕ್ಕೆ ಓರೆಯಾಗಿ ಹತ್ತಿಸುವುದೇ ದಾರಿ. ಕುಣಿಗಲ್ ಆಚೆ ಅಂಥ ಒಂದು ಮಾತ್ರ ನನಗೆ ಇನ್ನೂ ತಾಗುತ್ತದೆ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಷನ್ ಬದಲಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ನಿಮ್ಮ ಜವಾಬ್ದಾರಿ ನಿಮಗೆ. ಕಂಪನಿ ಸೆಟ್ ಪೂರ್ತಿ ನನ್ನ ಅಟ್ಟದ ಮೇಲಿದೆ.

ಕರಾವಳಿಗೆ ಓಡಾಡುವವರಿಗೆ ಒಂದು ಮಾತು. ಉಪ್ಪು ಗಾಳಿ, ಮಳೆಗೆ ಕೆಳಗಿನ ಥ್ರೆಡ್ ತುಕ್ಕು ಹಿಡಿದರೆ ಬ್ರಾಕೆಟ್ ಬಿಗಿಯುವ ರಿಂಗ್ ಅಲ್ಲಾಡಲ್ಲ, ಅದನ್ನು ತಿರುಗಿಸುವ ಸಿ-ಸ್ಪ್ಯಾನರ್ ಮುರಿಯುತ್ತದೆ. ಮೇ ತಿಂಗಳಲ್ಲೇ ತೊಳೆದು, ಚೈನ್ ವ್ಯಾಕ್ಸ್ ಹೊಡೆದು, ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿಬಿಡಿ. ಗ್ರೀಸ್ ಹಚ್ಚಬೇಡಿ, ಮಣ್ಣು ಮೆತ್ತಿಕೊಳ್ಳುತ್ತದೆ.

ಒಟ್ಟು ಖರ್ಚು, ಮಾರಿದ್ದು ಕಳೆದು, 1 ಲಕ್ಷ 30 ಸಾವಿರದ ಹತ್ತಿರ. ಗಾಡಿಯ ಬೆಲೆಯೇ ಈಗ ಮೂರೂವರೆ ಲಕ್ಷ ಇರಬಹುದು. ಆ 62-180-7 ಜೋಡಿ ಇನ್ನೂ ನನ್ನ ಹತ್ತಿರವೇ ಇದೆ, ಹೊಸದರ ಹಾಗಿದೆ. ಕೊಯಮತ್ತೂರು ಟ್ರ್ಯಾಕಿಗೆ ಹೋಗುವವರು ಯಾರಾದರೂ ಇದ್ದರೆ 6 ಸಾವಿರಕ್ಕೆ ಕೊಡುತ್ತೇನೆ. ಚೌಕಾಸಿ ಬೇಡ.