ಮುಳ್ಳಯ್ಯನಗಿರಿಯಿಂದ ಸೈಕಲ್ಲಿನಲ್ಲಿ ಇಳಿಯುವ ಬಗೆ

ಸ್ವಿಟ್ಜರ್ಲೆಂಡಿನ ಸೈಕಲ್ ಪಟು ಗೀನೋ ಮೇಡರ್ 2021ರಲ್ಲಿ ಇಟಲಿಯ ದೊಡ್ಡ ಸೈಕಲ್ ಸ್ಪರ್ಧೆ ಜೀರೋ ಡಿ ಇಟಾಲಿಯಾದಲ್ಲಿ ಒಂದು ಹಂತ ಗೆದ್ದವರು. 2023ರ ಜೂನ್‌ನಲ್ಲಿ ತಮ್ಮ ದೇಶದ ಆಲ್ಬುಲಾ ಘಾಟಿಯನ್ನು ಸ್ಪರ್ಧೆಯೊಂದರಲ್ಲಿ ಇಳಿಯುವಾಗ ಬಿದ್ದು, ಮರುದಿನ ತೀರಿಕೊಂಡರು, ವಯಸ್ಸು 26. ಪಳಗಿದವರಿಗೂ ಇಳಿಜಾರಿನದೇ ಭಯ.

ಮುಳ್ಳಯ್ಯನಗಿರಿಯಿಂದ ಬೆಟ್ಟದ ಬುಡದ ಕೈಮರದ ಕಡೆ ಇಳಿಯುವ ಮುನ್ನ ಬ್ರೇಕ್ ರಬ್ಬರ್ ನೋಡಿ. ಗೀರು ಮಾಸಿದ್ದರೆ ಬದಲಿಸಿ. ಅದರಲ್ಲಿ ಸಿಕ್ಕ ಮರಳನ್ನು ಪಿನ್ನಿನಿಂದ ಕೀಳಿ, ಬಿಟ್ಟರೆ ರಿಮ್ ಕೊರೆಯುತ್ತದೆ. ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಸಡಿಲವಿದ್ದರೆ ಕೇಬಲ್ ಬಿಗಿ ಮಾಡಿ.

ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ವೇಗ ಇಳಿಸಿ. ವಾಲಿದ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಹೊರಬದಿಯ ಪೆಡಲ್ ಕೆಳಗಿರಲಿ, ಭಾರ ಅದರ ಮೇಲೆ. ಬ್ರೇಕ್ ಹಿಡಿದುಕೊಂಡೇ ಇಳಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಹಿಡಿದು ಬಿಡಿ, ಮತ್ತೆ ಹಿಡಿಯಿರಿ. ಮಂಜು ಮುಸುಕಿದರೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ.