ಹಳೆ ಫಿಲ್ಮ್ ಕ್ಯಾಮೆರಾ ಕೊಂಡು ಈಬೇ ಹರಾಜಿನಲ್ಲಿ ಮಾರುವುದು ಹೇಗೆ

ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರು, ಸಣ್ಣ ಊರುಗಳಲ್ಲಿ ಬಾಗಿಲು ಹಾಕಿದ ಫೋಟೊ ಸ್ಟುಡಿಯೋ, ಗುಜರಿ ಅಂಗಡಿ: ಫಿಲ್ಮ್ ಕ್ಯಾಮೆರಾ ಹುಡುಕುವವರು ಮೊದಲು ಹೋಗಬೇಕಾದ್ದು ಇಲ್ಲಿಗೆ. ಒಳ್ಳೆಯ ಬೆಲೆ ಕೊಡುವ ಗಿರಾಕಿಗಳು ಮಾತ್ರ ಹೆಚ್ಚಾಗಿ ಹೊರದೇಶದವರು. ಈಬೇ ಎಂಬ ಅಂತರಜಾಲ ಮಾರುಕಟ್ಟೆಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ಇಲ್ಲಿಂದ ಈಬೇಯಲ್ಲಿ ಮಾರುವುದೆಂದರೆ ರಫ್ತು. ಇದರಲ್ಲೇ ಹೊಟ್ಟೆ ಹೊರೆಯಬೇಕೆಂದಿದ್ದರೆ ಮೊದಲು ಕ್ಯಾಮೆರಾ ಪರೀಕ್ಷಿಸುವುದನ್ನು ಕಲಿಯಿರಿ. ‘ಬರೆದ ಹಾಗಿಲ್ಲ’ ಎಂದು ಒಂದು ಕ್ಯಾಮೆರಾ ವಾಪಸ್ ಬಂದರೆ ಹೋದ ಖರ್ಚೂ ಬರುವ ಖರ್ಚೂ ಮಾರಿದವರ ತಲೆಗೇ. ಎರಡು ಮೂರು ಮಾರಾಟದ ಲಾಭ ಅಲ್ಲಿಗೆ ಹೋಯಿತು.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಸಣ್ಣ ಟಾರ್ಚ್ ಮತ್ತು ಬ್ಯಾಟರಿಗಳಿರಲಿ. ಲೆನ್ಸಿನ ದ್ಯುತಿರಂಧ್ರವನ್ನು (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಇಬ್ಬನಿಯಂತೆ ಮಸುಕಾಗಿದ್ದರೆ ಹೇಜ್. ಕರಾವಳಿ, ಮಲೆನಾಡಿನ ಸರಕಿನಲ್ಲಿ ಫಂಗಸ್ ಸಾಮಾನ್ಯ. ಹೊರಗಿನ ಗಾಜಿನ ಮೇಲಿದ್ದರೆ ಒರೆಸಿದಾಗ ಹೋಗಬಹುದು. ಗಾಜಿನ ಮೇಲಿನ ಲೇಪ (ಕೋಟಿಂಗ್) ತಿಂದಿದ್ದರೆ ಗುರುತು ಉಳಿದೇ ಉಳಿಯುತ್ತದೆ. ಫಂಗಸ್ ಇರುವುದನ್ನು ಕೊಳ್ಳುವುದಾದರೆ ಬಿಡಿಭಾಗದ ಬೆಲೆಗಷ್ಟೇ ಕೊಳ್ಳಿ.

ಆಮೇಲೆ ಶಟರ್, ಅಂದರೆ ಫಿಲ್ಮಿನ ಮೇಲೆ ಕ್ಷಣಮಾತ್ರ ಬೆಳಕು ಬಿಡುವ ಭಾಗ. ಹಿಂಬಾಗಿಲು ತೆರೆದು, ಬೆಳಕಿಗೆ ಹಿಡಿದು, ಪ್ರತಿ ವೇಗದಲ್ಲೂ ಒತ್ತಿ. ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ಅಳತೆಯೂ ಆಗುತ್ತದೆ: 1/30 ಸೆಕೆಂಡಿನ ವೇಗಕ್ಕೆ ಶಟರ್ ಸುಮಾರು 8 ಫ್ರೇಮ್ ತೆರೆದಿರಬೇಕು. 15 ಫ್ರೇಮ್ ಬಂದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದು ತಿಳಿಯಿರಿ. ಬಟ್ಟೆಯ ಪರದೆ ಇರುವ ಪೆಂಟ್ಯಾಕ್ಸ್ ಕೆ1000ದಂಥವುಗಳಲ್ಲಿ 1/1000ಕ್ಕೆ ಚೌಕಟ್ಟಿನ ಒಂದು ಬದಿ ಕಪ್ಪಾಗುವುದುಂಟು. ಇದು ಬರಿಗಣ್ಣಿಗೆ ಸಿಗುವುದಿಲ್ಲ, ವಿಡಿಯೊದಲ್ಲಿ ಸಿಗುತ್ತದೆ.

ಮೋಸ ಹೋಗುವುದು ಸುಲಭವಾದ ಮಾಡೆಲ್ಲೆಂದರೆ ಯಾಶಿಕಾ ಎಲೆಕ್ಟ್ರೋ 35. ಬ್ಯಾಟರಿ ಇಲ್ಲದೆಯೂ ಅದರ ಶಟರ್ 1/500ರಲ್ಲಿ ಹೊಡೆಯುತ್ತದೆ, ಹಾಗಾಗಿ ‘ಕ್ಲಿಕ್’ ಕೇಳಿತೆಂದು ಒಪ್ಪಬೇಡಿ. ಮೂಲ 5.6 ವೋಲ್ಟ್ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ; 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿಯನ್ನು ಅಡಾಪ್ಟರ್ ಜೊತೆ ಹಾಕಿ. ಲೆನ್ಸ್ ಮುಚ್ಚಿ ಬಟನ್ ಅರ್ಧ ಒತ್ತಿದರೆ ಹಳದಿ ದೀಪ, ದ್ಯುತಿರಂಧ್ರವನ್ನು ಎಫ್1.7ಕ್ಕೆ ಪೂರ್ತಿ ತೆರೆದು ಬಿಸಿಲಿಗೆ ಹಿಡಿದರೆ ಕೆಂಪು ದೀಪ ಬರಬೇಕು. ಫಿಲ್ಮ್ ಸುತ್ತುವ ಲಿವರ್ ತಿರುಗಿಸುವಾಗ ಒಳಗೊಂದು ‘ಟಕ್’ ಶಬ್ದ ಬರಬೇಕು. ಬರದಿದ್ದರೆ ಒಳಗಿನ ಪುಟ್ಟ ರಬ್ಬರ್ ಪ್ಯಾಡ್ ಕರಗಿಹೋಗಿರುತ್ತದೆ, ಎಕ್ಸ್‌ಪೋಷರ್ (ಫಿಲ್ಮಿಗೆ ಬೀಳುವ ಬೆಳಕಿನ ಪ್ರಮಾಣ) ನಂಬುವಂತಿಲ್ಲ. ಬಿಚ್ಚಿ ಪ್ಯಾಡ್ ಹಾಕಬಲ್ಲವರಿಗೆ ಇಂಥ ಕ್ಯಾಮೆರಾವೇ ಒಳ್ಳೆಯ ಬೇಟೆ. ಬಾಗಿಲಿನ ಅಂಚಿನ ಫೋಮ್ ಅಂಟಂಟಾಗಿದ್ದರೆ ಹೆದರಬೇಕಿಲ್ಲ. ಅಗ್ಗದ ಕೆಲಸ, ಬದಲಿಸಿಯೇ ಮಾರಿ.

ಎಷ್ಟಕ್ಕೆ ಕೊಳ್ಳಬೇಕು? ಈಬೇಯಲ್ಲಿ ಜನ ಕೇಳುತ್ತಿರುವ ಬೆಲೆ ನೋಡಬೇಡಿ, ‘ಮಾರಾಟವಾದವು’ ಎಂಬ ಫಿಲ್ಟರ್ ಹಾಕಿ ಕೈಸೇರಿದ ಬೆಲೆ ನೋಡಿ. ಒಂದು ಮಾದರಿ ಲೆಕ್ಕ: ಕ್ಯಾಮೆರಾಕ್ಕೆ 8000 ರೂ., ಅಂಚೆಗೆ 2500, ಒಟ್ಟು 10,500 ಗಿರಾಕಿ ಕೊಡುತ್ತಾನೆ ಎನ್ನೋಣ. ಶುಲ್ಕವನ್ನು ಶೇ. 15 ಎಂದು ಹಿಡಿದರೆ 1575. ಅದು ಅಂಚೆ ಖರ್ಚೂ ಸೇರಿದ ಮೊತ್ತದ ಮೇಲೆ ಬೀಳುತ್ತದೆ. ಹೊಸಬರು ಮರೆಯುವುದು ಇದನ್ನೇ. ಹಣ ರೂಪಾಯಿಗೆ ಬದಲಾಗುವಾಗ 250, ಪಾರ್ಸೆಲ್ 2500, ಪೆಟ್ಟಿಗೆ 150, ವಾಪಸಾತಿಗೆಂದು ತೆಗೆದಿಡುವುದು 800. ಉಳಿದದ್ದು 5225. ನಿಮಗೆ 2500 ಉಳಿಯಬೇಕೆಂದರೆ ಓಡಾಟವೂ ಸೇರಿ 2725ರೊಳಗೆ ಸಿಕ್ಕಬೇಕು. ಆಗ್ಫಾ ಕ್ಲಿಕ್‌ನಂಥ ಪೆಟ್ಟಿಗೆ ಕ್ಯಾಮೆರಾಗಳು ಈ ಲೆಕ್ಕಕ್ಕೆ ಬರುವುದಿಲ್ಲ, ನೋಡಲು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಕಾಗದಪತ್ರಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿಜಿಎಫ್‌ಟಿ) ಆಮದು-ರಫ್ತುದಾರರ ಐಇಸಿ ಸಂಖ್ಯೆ ಬೇಕು, ಶುಲ್ಕ 500 ರೂ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರ ಖಚಿತಪಡಿಸಬೇಕು. ರಫ್ತನ್ನು ಜಿಎಸ್‌ಟಿಯಲ್ಲಿ ಅಂತರರಾಜ್ಯ ಪೂರೈಕೆ ಎಂದು ಎಣಿಸುತ್ತಾರೆ, ತೆರಿಗೆ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಶುರು ಮಾಡುವ ಮುಂಚೆ ಒಬ್ಬ ಆಡಿಟರ್ ಜೊತೆ ಕೂತು ಇದನ್ನು ಮುಗಿಸಿಕೊಳ್ಳಿ.

ಹರಾಜು ಎಲ್ಲ ಮಾಲಿಗೂ ಸಲ್ಲದು. ದಿನಾ ಹತ್ತಾರು ಬಿಕರಿಯಾಗುವ ಮಾಡೆಲ್ಲಿಗೆ ನಿಗದಿ ಬೆಲೆಯೇ ವಾಸಿ. ಅಪರೂಪದ ಲೆನ್ಸು, ಬೆಲೆ ಗೊತ್ತಾಗದ ಮಾಲು ಹರಾಜಿಗೆ ಸರಿ, ಏಕೆಂದರೆ ಬೇಕೆನ್ನುವ ಇಬ್ಬರು ಸಿಕ್ಕರೆ ಬೆಲೆ ತಾನೇ ಏರುತ್ತದೆ. ಒಬ್ಬನೇ ಬಂದರೆ ಆರಂಭದ ಬೆಲೆಗೇ ಹೋಗುತ್ತದೆ, ಆದ್ದರಿಂದ ನಷ್ಟವಾಗದ ಮೊತ್ತದಿಂದ ಶುರು ಮಾಡಿ. ಏಳು ದಿನದ ಹರಾಜು ಶುರುವಾದ ಗಳಿಗೆಗೇ ಮುಗಿಯುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಭಾನುವಾರ ರಾತ್ರಿ 9 ಗಂಟೆ ಎಂದರೆ ನಮಗೆ ಸೋಮವಾರ ಬೆಳಿಗ್ಗೆ 6.30, ಅವರ ಚಳಿಗಾಲದಲ್ಲಿ 7.30. ಸೋಮವಾರ ಆ ಹೊತ್ತಿಗೇ ಹಾಕಿ. ಪರಿಚಯದವರಿಂದ ಬಿಡ್ ಹಾಕಿಸಿ ಬೆಲೆ ಏರಿಸುವುದು ನಿಷಿದ್ಧ, ಖಾತೆಯೇ ಹೋಗುತ್ತದೆ.

ಶೀರ್ಷಿಕೆಗೆ 80 ಅಕ್ಷರ ಮಾತ್ರ. ‘ಸೂಪರ್’, ‘ಅದ್ಭುತ’ ಬೇಡ, ಮಾಡೆಲ್, ಲೆನ್ಸಿನ ಅಳತೆ, ಸ್ಥಿತಿ ಬರೆಯಿರಿ. ಟಾರ್ಚ್ ಹಾಕಿದ ಲೆನ್ಸ್, ಬ್ಯಾಟರಿ ಕೋಣೆ, ಪ್ರತಿ ಗೀರು, ಸೀರಿಯಲ್ ನಂಬರ್ ಫೋಟೊದಲ್ಲಿರಲಿ. ‘ಪರೀಕ್ಷಿಸಿಲ್ಲ’ ಎಂದು ಬರೆದರೆ ಬೆಲೆಯೂ ಬೀಳುತ್ತದೆ, ವಾಪಸಾತಿಯೂ ತಪ್ಪುವುದಿಲ್ಲ. ‘1/2 ಸೆಕೆಂಡಿಗಿಂತ ನಿಧಾನದ ವೇಗಗಳು ತಡವರಿಸುತ್ತವೆ’ ಎಂದು ಬಿಚ್ಚಿ ಬರೆದ ಕ್ಯಾಮೆರಾ ವಾಪಸ್ ಬರುವುದು ಕಡಿಮೆ.

ಪ್ಯಾಕಿಂಗ್‌ನಲ್ಲಿ ಸುತ್ತಲೂ 5 ಸೆಂ.ಮೀ. ಮೆತ್ತೆ ಸಾಕು. ಕೊರಿಯರಿನವರು ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿ ತೂಕ ಹಾಕುವುದು ರೂಢಿ: 24×19×17 ಸೆಂ.ಮೀ. ಪೆಟ್ಟಿಗೆ 1.55 ಕೆ.ಜಿ. ಆದರೆ, 30×25×25 ಪೆಟ್ಟಿಗೆ 3.75 ಕೆ.ಜಿ. ಆಗುತ್ತದೆ. ಒಳಗಿನ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಕ್ಯಾಮೆರಾ 750 ಗ್ರಾಂ ಅಷ್ಟೇ. ಬ್ಯಾಟರಿ ತೆಗೆಯಿರಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮುಚ್ಚಿದ ಪೆಟ್ಟಿಗೆ ಅಲುಗಾಡಿಸಿದಾಗ ಸದ್ದು ಬಂದರೆ ಮತ್ತೆ ಕಟ್ಟಿ.

ಕಸ್ಟಮ್ಸ್ ಫಾರ್ಮಿನಲ್ಲಿ ನಿಜ ಬೆಲೆಯನ್ನೇ ಹಾಕಿ, ‘ಉಡುಗೊರೆ’ ಎನ್ನಬೇಡಿ. ಅಮೆರಿಕ 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿದೆ. ಸುಂಕ ಲೆಕ್ಕ ಹಾಕುವುದು ವಸ್ತು ತಯಾರಾದ ದೇಶವನ್ನು ನೋಡಿ, ಹಾಗಾಗಿ ಮೂಲ ದೇಶದ ಜಾಗದಲ್ಲಿ ಕ್ಯಾಮೆರಾದ ಮೇಲೆ ಕೆತ್ತಿದ್ದು ಜಪಾನ್ ಎಂದಿದ್ದರೆ ಜಪಾನ್ ಎಂದೇ ಬರೆಯಿರಿ.

ಹಳೆ ಸ್ಟುಡಿಯೋಗಳಲ್ಲಿ ಹಿತ್ತಾಳೆ ಲೆನ್ಸಿನ ಮರದ ಕ್ಯಾಮೆರಾ ಸಿಕ್ಕರೆ ತಕ್ಷಣ ಈಬೇಗೆ ಹಾಕಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದ ಮೇಲಷ್ಟೇ ಕಳಿಸಿ; ನೂರು ದಾಟಿದ್ದರೆ ದೇಶದೊಳಗಿನ ಸಂಗ್ರಾಹಕರಿಗೇ ಮಾರಿ.