ಕಾಲುಸಂಕವನ್ನು ರಸ್ತೆ ಅನ್ನುತ್ತಿದ್ದ ನಕ್ಷೆ ಸರಿಹೋಯಿತು

ಹೊಸನಗರದ ಕಡೆಯ ಹಳ್ಳಿಗಳನ್ನು, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಿಡಿಸುತ್ತಿದ್ದೇನೆ. ಅಪ್‌ಲೋಡ್‌ಗೆ ಮುಂಚೆ ಆ ನಕ್ಷೆ ತಿದ್ದುವ ತಂತ್ರಾಂಶ ಜೆಓಎಸ್‌ಎಂನ ವ್ಯಾಲಿಡೇಟರ್ (ತಪ್ಪು ಹುಡುಕುವ ಸಾಧನ) ಓಡಿಸಿದರೆ ಒಂದೇ ದೂರು ಸಾಲುಸಾಲಾಗಿ ಬರುತ್ತಿತ್ತು: ರಸ್ತೆಯೂ ಹಳ್ಳವೂ ಒಂದನ್ನೊಂದು ದಾಟುತ್ತಿವೆ, ಹೇಗೆ ಅನ್ನೋದು ನಕ್ಷೆಯಲ್ಲಿಲ್ಲ.

ಎಲ್ಲಕ್ಕೂ ಸುಮ್ನೆ ಸೇತುವೆ ಅಂತ ಹಾಕಿಬಿಟ್ಟರೆ ಎಚ್ಚರಿಕೆ ಹೋಗುತ್ತದೆ, ಆದರೆ ನಕ್ಷೆ ಸುಳ್ಳಾಗುತ್ತದೆ. ಮಲೆನಾಡಲ್ಲಿ ಹಳ್ಳ ದಾಟೋಕೆ ಎಷ್ಟು ಬಗೆ ಇದೆ ಅಲ್ವಾ! ಮೋರಿ ಇದ್ದಲ್ಲಿ ಹಳ್ಳದ ಗೆರೆಯನ್ನು ಅಷ್ಟು ಭಾಗ ಕತ್ತರಿಸಿ ಟನಲ್=ಕಲ್ವರ್ಟ್ (ಮೋರಿಯೊಳಗೆ ಹರಿಯುತ್ತದೆ), ಲೇಯರ್=-1 (ರಸ್ತೆಗಿಂತ ಒಂದು ಪದರ ಕೆಳಗೆ) ಅನ್ನುವ ಗುರುತು ಕೊಟ್ಟೆ. ನೀರು ರಸ್ತೆ ಮೇಲೇ ಹರಿಯುವ ಕಡೆ ಎರಡೂ ಗೆರೆಗೆ ಒಂದೇ ನೋಡ್ (ಬಿಂದು) ಇಟ್ಟು ಫೋರ್ಡ್=ಯೆಸ್ (ನೀರಲ್ಲೇ ದಾಟುವ ಜಾಗ).

ನಡೆದು ಮಾತ್ರ ದಾಟುವ ಕಾಲುಸಂಕದ್ದೇ ದೊಡ್ಡ ತಲೆನೋವು. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಜೋಡಿಸಿದ ಸಂಕ ಮರಗಳ ಕೆಳಗೆ ಉಪಗ್ರಹ ಚಿತ್ರದಲ್ಲಿ ಕಾಣೋದೇ ಇಲ್ಲ. ಹಿಂದೆ ಯಾರೋ ಒಂದನ್ನು ರಸ್ತೆಯಾಗಿ ಬಿಡಿಸಿದ್ದರು. ದಾರಿ ತೋರಿಸುವ ಆ್ಯಪ್ ಕಾರನ್ನೂ ಅತ್ತಲೇ ಕಳಿಸುತ್ತಿತ್ತು. ಮಳೆಗಾಲದಲ್ಲಿ ಇದು ಜೀವದ ಪ್ರಶ್ನೆ. ಊರಿನವರನ್ನು ಕೇಳಿ ಅಂಥವನ್ನೆಲ್ಲ ಹೈವೇ=ಫುಟ್‌ವೇ (ಕಾಲುದಾರಿ), ಬ್ರಿಡ್ಜ್=ಯೆಸ್, ಲೇಯರ್=1 ಮಾಡಿದೆ.

ಜೊತೆಗೆ ಜೆಓಎಸ್‌ಎಂಗೆ ಅರ್ಥವಾಗುವ ಮ್ಯಾಪ್‌ಸಿಎಸ್‌ಎಸ್ ಭಾಷೆಯಲ್ಲಿ ನನ್ನದೇ ಒಂದು ನಿಯಮ ಬರೆದು ವ್ಯಾಲಿಡೇಟರ್‌ಗೆ ಸೇರಿಸಿದೆ: ಸೇತುವೆ ಅಂತಿದ್ದು ಅಗಲ ಬರೆಯದ ರಸ್ತೆ ಕಂಡರೆ ಎಚ್ಚರಿಸು. ಅಂಥದ್ದು ಸಿಕ್ಕರೆ ಈಗ ಸ್ಥಳಕ್ಕೇ ಹೋಗಿ ಟೇಪ್ ಹಿಡಿದು ಅಳೆಯುತ್ತೇನೆ.